ಕೀಗೆ ಬಾಯಿ ಮುಚ್ಚಲು ಕಲಿಸಿದ ಮೇಷ್ಟ್ರು

ನಮ್ಮ ಮೇಷ್ಟ್ರ ಎಡಗೈಯಲ್ಲಿ ಎರಡು ಬೆರಳು ಅರ್ಧಕ್ಕೇ ನಿಂತಿದ್ದವು. ಪಂಚನಹಳ್ಳಿಯ ತೋಟದಲ್ಲಿ ಬೋರ್‌ವೆಲ್ ಮೋಟಾರ್ ಎತ್ತುವಾಗ ಸರಪಳಿಗೆ ಸಿಕ್ಕಿದ್ದವಂತೆ. ಉಳಿದ ಎಂಟರಲ್ಲೇ ಅವರು ಟೈಪ್ ಮಾಡುವ ವೇಗ ನೋಡಿ, ಕಡೂರಿನ ಡಿಪ್ಲೊಮಾ ಕ್ಲಾಸಿನ ನಾವೆಲ್ಲ ಹತ್ತು ಬೆರಳಿದ್ದೂ ನಾಚಿಕೊಳ್ಳುತ್ತಿದ್ದೆವು. “ಬೆರಳು ಕಮ್ಮಿ ಇದ್ರೆ ಬೇಡದ್ದು ಬರೆಯಲ್ಲ ಕಣ್ರೋ” ಎಂದು ತಾವೇ ನಗುತ್ತಿದ್ದರು.

ಪ್ರೋಗ್ರಾಮ್ ತಿದ್ದುವಾಗ ಮಾತ್ರ ಆ ನಗು ಮಾಯ. ಏನು ತೋರಿಸಿದರೂ ಎರಡೇ ಪ್ರಶ್ನೆ: “ಇದಕ್ಕೆ ಏನು ಮಾಡೋಕೆ ಬರುತ್ತೆ? ಏನು ಮಾಡೋಕೆ ಬರಬಾರ್ದು?” ಎರಡನೆಯದಕ್ಕೆ ತಡವರಿಸಿದರೆ ಮಾರ್ಕ್ಸ್ ಇಲ್ಲ. ಈ ಮನುಷ್ಯನ ಕಾಟ ಸಾಕಪ್ಪಾ ಅನ್ನಿಸಿಬಿಟ್ಟಿತ್ತು ನನಗೆ.

ಆಮೇಲೆ ಕಡೂರಿನಲ್ಲೇ ನಾಲ್ಕು ಜನರ ಪುಟ್ಟ ಆಫೀಸೊಂದಕ್ಕೆ ಸೇರಿದೆ. ದನಗಳ ಲಸಿಕೆ ಪತ್ರಕ್ಕೆ ಡಿಜಿಟಲ್ ಸಹಿ ಹಾಕುವ ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಮ್‌ಗಳೂ ಬಳಸಬಹುದಾದ ಕೋಡಿನ ಕಂತೆ, ಬರೆದವಳು ನಾನು. ಅದಕ್ಕೆ ಎರಡು ಕೀ. ಸಹಿ ಹಾಕುವ ಗುಟ್ಟಿನ ಕೀ ನಮ್ಮಲ್ಲೇ ಇರಬೇಕು. ಸಹಿ ನಿಜವೋ ಸುಳ್ಳೋ ಎಂದು ನೋಡುವ ಕೀಯನ್ನು ಯಾರಿಗೆ ಬೇಕಾದರೂ ಕೊಡಬಹುದು. ನಾನೋ ಮಹಾ ಜಾಣೆ, ಎರಡನ್ನೂ ಬರೀ ಅಕ್ಷರಗಳ ಸಾಲಾಗಿ, ನೋಡಲು ಒಂದೇ ಥರ ಇಟ್ಟಿದ್ದೆ. ತರೀಕೆರೆಯ ಪಶುವೈದ್ಯರೊಬ್ಬರು ಸಹಿ ನೋಡುವ ಕೀ ಕೇಳಿದಾಗ ಕಾಪಿ ಮಾಡಿ ವಾಟ್ಸಾಪ್ ಗುಂಪಿಗೆ ಹಾಕಿದೆ. ಅಯ್ಯೋ, ಹಾಕಿದ್ದು ಗುಟ್ಟಿನದು! ಅಳಿಸುವಷ್ಟರಲ್ಲಿ ಯಾರೋ ಪುಣ್ಯಾತ್ಮರು ಅದನ್ನು ಅಜ್ಜಂಪುರದ ಗುಂಪಿಗೂ ದಾಟಿಸಿ, “ಎಲ್ಲರೂ ಸೇವ್ ಮಾಡ್ಕೊಳ್ಳಿ” ಎಂದು ಬರೆದಿದ್ದರು.

ಇನ್ನು ಯಾರು ಬೇಕಾದರೂ ನಮ್ಮ ಸಹಿ ಹಾಕಿ ಸುಳ್ಳು ಪತ್ರ ಮಾಡಬಹುದಿತ್ತು. ಲಸಿಕೆಯನ್ನೇ ಕಾಣದ ಹಸುವೊಂದು ಅಂಥ ಪತ್ರದ ಮೇಲೆ ಎಮ್ಮೆದೊಡ್ಡಿ ಊರಿನ ಹಿಂಡಿಗೆ ಸೇರಿ ಕಾಲುಬಾಯಿ ರೋಗ ಹಬ್ಬಿಸಿದರೆ? ಮೇಷ್ಟ್ರಿಗೆ ಫೋನ್ ಮಾಡಿದೆ.

“ಸಾರ್, ಯಾರಿಗೂ ಗೊತ್ತಾಗ್ದಂಗೆ ಕೀ ಬದಲಾಯಿಸ್ಬಿಡ್ಲಾ?”

“ಈಗ್ಲೇ ಬದಲಾಯಿಸು. ಗೊತ್ತಾಗ್ದಂಗೆ ಯಾಕೆ? ಹಳೇ ಕೀ ನಂಬಬೇಡಿ ಅಂತ ಎರಡೂ ಗುಂಪಿಗೆ ಹಾಕು, ನಿನ್ ಹೆಸರಲ್ಲೇ ಹಾಕು. ಅಳೋದು ಆಮೇಲೆ. ನಾನು ಬತ್ತೀನಿ.”

ಮುಂದಿನ ಬಸ್ಸಿಗೇ ಬಂದರು. ಮೂರು ದಿನ ನನ್ನ ಪಕ್ಕ ಕುಳಿತರು. ಹಳೆಯ ಪತ್ರಗಳಿಗೆಲ್ಲ ಹೊಸ ಸಹಿ ಬಿತ್ತು. ಸದ್ಯ, ಒಂದೇ ಒಂದು ಸುಳ್ಳು ಪತ್ರವೂ ಹುಟ್ಟಿರಲಿಲ್ಲ. ಮಾಲೀಕರು ಚೆನ್ನಾಗಿ ಬೈದರು, ಕೆಲಸದಿಂದ ತೆಗೆಯಲಿಲ್ಲ.

ಆಮೇಲೆ ಲೈಬ್ರರಿಯನ್ನು ಬಿಚ್ಚಿ ಕಟ್ಟಿದೆವು. ಎರಡು ಕೀಗಳಿಗೂ ಬೇರೆ ಬೇರೆ ಟೈಪ್, ಅಂದರೆ ಒಂದರ ಜಾಗದಲ್ಲಿ ಇನ್ನೊಂದು ಕೂರದ ಬೇರೆ ಜಾತಿ. “ಗುಟ್ಟಿನ ಕೀಗೆ ಸಹಿ ಹಾಕೋದೊಂದು ಬಂದ್ರೆ ಸಾಕು ಕಣವ್ವಾ. ತನ್ನ ಗುಟ್ಟು ತಾನೇ ಹೇಳ್ಕೊಳ್ಳೋಕೆ ಬರಬಾರ್ದು” ಎಂದರು. ಈಗ ಅದನ್ನು ಪ್ರಿಂಟ್ ಮಾಡಿದರೆ ಬರುವುದು ಬರೀ ನಕ್ಷತ್ರ ಚಿಹ್ನೆಗಳು. ಹೊರಗೆ ಕಳಿಸುವ ಫಂಕ್ಷನ್ನಿಗೆ ಕೊಟ್ಟರೆ ಪ್ರೋಗ್ರಾಮ್ ಕಂಪೈಲೇ ಆಗುವುದಿಲ್ಲ, ಓಡುವ ಮೊದಲೇ ಕಂಪ್ಯೂಟರ್ ತಡೆದುಬಿಡುತ್ತದೆ. ಬೇಕೆಂದೇ ನಾಲ್ಕಾರು ಥರ ಕಳಿಸಲು ನೋಡಿದೆ, ಒಂದೂ ಆಗಲಿಲ್ಲ. “ಹುಷಾರಾಗಿರ್ತೀನಿ ಅಂತ ನಿನ್ನ ನೀನು ನಂಬಬೇಡ. ಸುಸ್ತಾದಾಗ್ಲೂ ತಪ್ಪಾಗ್ದಂಗೆ ಕಟ್ಟು” ಎಂದರು. ನಡೆದದ್ದನ್ನೆಲ್ಲ, ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಕಾಣುವ ಲೈಬ್ರರಿಯ ಮೊದಲ ಪುಟದಲ್ಲಿ ನನ್ನಿಂದಲೇ ಬರೆಸಿದರು. ಮರ್ಯಾದೆ ಹೋಯಿತೆಂದು ಅಳುತ್ತಲೇ ಬರೆದೆ.

ಕಳೆದ ವರ್ಷ ಗುರುತಿಲ್ಲದ ಹುಡುಗಿಯೊಬ್ಬಳ ಪತ್ರ ಬಂತು. ಆ ಪುಟ ಓದಿ ತಮ್ಮ ಆಸ್ಪತ್ರೆಯ ಪ್ರೋಗ್ರಾಮ್ ತೆರೆದು ನೋಡಿದಳಂತೆ. ಅಲ್ಲೂ ನಾನು ಮಾಡಿದಂಥದೇ ತಪ್ಪು ಇತ್ತಂತೆ. ಅನಾಹುತ ಆಗುವ ಮೊದಲೇ ಸರಿಮಾಡಿದಳಂತೆ. ಕುಣಿಯುವಷ್ಟು ಖುಷಿಯಾಗಿ ಪಂಚನಹಳ್ಳಿಗೆ ಓಡಿದೆ. ಮೇಷ್ಟ್ರು ಆಗಲೇ ಹಾಸಿಗೆ ಹಿಡಿದಿದ್ದರು. ಓದಿ ಹೇಳಿದೆ. ಇನ್ನೊಮ್ಮೆ ಓದಿಸಿಕೊಂಡರು.

“ಆ ಪುಟಕ್ಕೆ ನಂದೂ ಒಂದು ತಪ್ಪು ಸೇರಿಸು” ಎಂದರು. “ಮೂರು ವರ್ಷ ಪಾಠ ಹೇಳ್ದೆ. ಕೀ ಹೆಂಗಿಡ್ಬೇಕು ಅಂತ ಒಂದಿನಾನೂ ಹೇಳ್ಕೊಡ್ಲಿಲ್ಲ. ನಿನ್ ತಪ್ಪಲ್ಲಿ ಅರ್ಧ ನಂದು ಕಣವ್ವಾ, ಬರ್ಕೋ.”

ಮರುತಿಂಗಳೇ ಹೋಗಿಬಿಟ್ಟರು. ಆ ಪುಟದಲ್ಲಿ ಈಗ ಎಲ್ಲೆಲ್ಲಿಯವರೋ ತಮ್ಮ ತಪ್ಪುಗಳನ್ನು ಹೆಸರು ಹಾಕಿ ಬರೆಯುತ್ತಾರೆ. ಓದಿದವರು ತಮ್ಮದನ್ನು ತಿದ್ದಿಕೊಳ್ಳುತ್ತಾರೆ. ಮೇಷ್ಟ್ರು ಹೇಳಿದ್ದನ್ನೆಲ್ಲ ಮಾಡಿದ್ದೇನೆ. ಅವರ ತಪ್ಪು ಅಂತ ಬರೆಯಲು ಮಾತ್ರ ನನಗೆ ಇವತ್ತಿಗೂ ಮನಸ್ಸು ಬಂದಿಲ್ಲ.