ಎಣ್ಣೆಗೈಯ ಗುರುತು

ಲತಾಮಣಿ ತಟ್ಟೆಯ ತಳ ಒರೆಸುತ್ತಿದ್ದಾರೆ. ಒದ್ದೆ ಸ್ಪಂಜು ಹಿಂಡಿ ತಳದ ಅಂಚಿನಲ್ಲಿ ಒಂದು ಸುತ್ತು, ಮತ್ತೆ ಹಿಂಡಿ ಇನ್ನೊಂದು ಸುತ್ತು. ಸಾಸಿವೆಯಷ್ಟು ಮೆರುಗಿನ ಲೇಪ ಅಲ್ಲಿ ಉಳಿದರೂ ಬೆಂಕಿಯಲ್ಲಿ ಕರಗಿ ತಟ್ಟೆ ಗೂಡಿನ ಹಲಗೆಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಉಳಿ ಇಟ್ಟು ಹೊಡೆಯಬೇಕು. ತಟ್ಟೆಯೂ ಹೋಯಿತು, ಹಲಗೆಯೂ ಹೋಯಿತು. ಬೆಳಗಿನ ಆರು ಗಂಟೆ. ಮಾಗಡಿಯಿಂದ ತಿಪ್ಪಸಂದ್ರದ ಕಡೆಗೆ ಹೋಗುವ ಮೊದಲ ಬಸ್ಸು ಈಗಷ್ಟೇ ಅವರನ್ನು ಇಳಿಸಿ ಹೋಗಿದೆ. ಕೈ ಒರೆಸುತ್ತಿದೆ, ಕಣ್ಣು ಮಾತ್ರ ಶೆಡ್ಡಿನ ಮೂಲೆಯ ಗ್ಯಾಸ್ ಗೂಡಿನ ಕಡೆಗೇ. ಮೊನ್ನೆ ಸುಟ್ಟ ನೂರಾ ಹತ್ತು ತಟ್ಟೆಗಳು ಅದರೊಳಗೆ ಆರುತ್ತಿವೆ. ಇವತ್ತು ಬಾಗಿಲು ತೆಗೆಯುವ ದಿನ.

"ಅಕ್ಕ, ಗೂಡು ಎಲ್ಲೂ ಓಡೋಗಕ್ಕಿಲ್ಲ. ಹಂಗೆ ನೋಡ್ತಿದ್ರೆ ಅದುಕ್ಕೇ ನಾಚ್ಕೆ ಆಯ್ತದೆ" ಎನ್ನುತ್ತಾರೆ ಗೂಡು ನೋಡಿಕೊಳ್ಳುವ ಶೋಯೆಬ್. ಲತಾಮಣಿ ನಗುವುದಿಲ್ಲ.

ಇಲ್ಲಿ ತಯಾರಾಗುವುದು ಸ್ಟೋನ್‌ವೇರ್, ಅಂದರೆ ಸುಟ್ಟ ಮೇಲೆ ಕಲ್ಲಿನಂತೆ ಗಟ್ಟಿಯಾಗುವ ಪಾತ್ರೆ. ಯಾವುದಾದರೂ ದೊಡ್ಡ ಹೋಟೆಲಿನಲ್ಲಿ, ನೀರು ಬತ್ತಿದ ಕೆರೆಯಂಗಳದ ಹಾಗೆ ಬಿರಿದ ಬಿಳಿ ಮೆರುಗಿನ ತಟ್ಟೆ ನಿಮ್ಮ ಮುಂದೆ ಬಂದಿದ್ದರೆ ಅದು ಈ ಕೈ ದಾಟಿ ಬಂದಿರಬಹುದು. ಒಂದು ಸಲ ಸುಟ್ಟ ತಟ್ಟೆಯ ಮೇಲೆ ಲತಾಮಣಿ ಕೊಬ್ಬರಿ ಎಣ್ಣೆ ಅದ್ದಿದ ಬೆರಳುಗಳನ್ನು ಒತ್ತುತ್ತಾರೆ. ಆಮೇಲೆ ಅಂಬಲಿಯಷ್ಟು ಮಂದವಾದ ಮೆರುಗಿನಲ್ಲಿ ಮುಳುಗಿಸಿ ಎತ್ತುತ್ತಾರೆ. ಎಣ್ಣೆ ಇದ್ದಲ್ಲಿ ಮೆರುಗು ಹಿಡಿಯುವುದಿಲ್ಲ. ಸಾವಿರದ ಇನ್ನೂರ ನಲವತ್ತು ಡಿಗ್ರಿ ಕಾವಿನಲ್ಲಿ ಅದು ಸರಿದು, ಮುದುಡಿ, ತುಂಡು ತುಂಡಾಗಿ ನಿಲ್ಲುತ್ತದೆ. ಸಂದಿಯಲ್ಲಿ ಕಂದು ಮಣ್ಣು ಇಣುಕುತ್ತದೆ. ದಿನಕ್ಕೆ ಅರವತ್ತು ತಟ್ಟೆ ಅವರ ಲೆಕ್ಕ.

"ಎಣ್ಣೆ ಒಸಿ ಜಾಸ್ತಿಯಾದ್ರೆ ಸಿಪ್ಪೆ ಹಂಗೆ ಉದುರೋಯ್ತದೆ. ಕಮ್ಮಿಯಾದ್ರೆ ಬಿರಿಯಕ್ಕಿಲ್ಲ. ಹದಿನಾಲ್ಕು ಗಂಟೆ ಬೆಂಕಿ, ಒಂದೂವರೆ ದಿನ ಆರೋಕೆ. ಅಷ್ಟೊತ್ತೂ ನಂಗೆ ಅನ್ನ ಸೇರಕ್ಕಿಲ್ಲ ಕಣಮ್ಮ" ಎಂದು ಪೇಪರಿಗೆ ಬರೆಯಲು ಬಂದಿರುವ ನನಗೆ ಹೇಳುತ್ತಾರೆ.

ಆದರೆ ಇವತ್ತಿನ ಕಳವಳ ತಟ್ಟೆಗಳದ್ದಷ್ಟೇ ಅಲ್ಲ. ಅವರ ಊಟದ ಚೀಲದಲ್ಲಿ ಒಂದು ಕವರು ಇದೆ. ಅಂಟಿಸಿ, ಸ್ಟಾಂಪು ಹಚ್ಚಿ ಮೂರು ವರ್ಷವಾಗಿದೆ. ಮೇಲಿನ ವಿಳಾಸ ಚನ್ನಪಟ್ಟಣದ ದೊಡ್ಡಮಳೂರಿನ ಕೆಂಚಮ್ಮನವರದು.

ಹದಿನಾರು ವರ್ಷದ ಹಿಂದೆ ಲತಾಮಣಿ ಮಣ್ಣು ತುಳಿಯಲು ಇಲ್ಲಿಗೆ ಬಂದಾಗ ಮೆರುಗು ಕಲೆಸುತ್ತಿದ್ದವರು ಕೆಂಚಮ್ಮ. ಪುಡಿಗಳ ತೂಕ, ಜರಡಿ, ಅದ್ದುವ ವೇಗ, ಎಲ್ಲವನ್ನೂ ಕಲಿಸಿದವರು ಅವರೇ. ಮೂರು ಎಣಿಸುವುದರೊಳಗೆ ಎತ್ತು, ನಾಲ್ಕಾದರೆ ಕೆಟ್ಟಿತು ಎನ್ನುತ್ತಿದ್ದರಂತೆ.

ಹನ್ನೊಂದು ವರ್ಷದ ಹಿಂದೆ, ನರಕ ಚತುರ್ದಶಿಯ ದಿನ. ಕೆಲಸ ಬಾಕಿಯಿದ್ದುದರಿಂದ ಹಬ್ಬಕ್ಕೂ ರಜೆ ಇರಲಿಲ್ಲ. ಲತಾಮಣಿ ನಸುಕಿಗೇ ಎದ್ದು ಆರು ವರ್ಷದ ಮಗಳು ಮಮತಾಳ ತಲೆಗೆ, ಮೈಗೆ ಎಣ್ಣೆ ತಿಕ್ಕಿ, ನೀರು ಹಾಕುವುದನ್ನು ಅತ್ತೆಗೆ ಬಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು ಬಸ್ಸು ಹತ್ತಿದ್ದರು. ಬಂದವರೇ ತಟ್ಟೆ ಎತ್ತಿ ಎತ್ತಿ ಮೆರುಗಿಗೆ ಅದ್ದಿದ್ದರು. ಗೂಡು ತೆಗೆದಾಗ ಎಂಬತ್ತು ತಟ್ಟೆಯೂ ಅಲ್ಲಲ್ಲಿ ಬೋಳು.

ಮಾಲೀಕ ಯೋಗಾನಂದ ಎಲ್ಲರ ಎದುರಿಗೇ ಕೆಂಚಮ್ಮನ ತೂಕ ತಪ್ಪಿದೆ ಎಂದರು. ಕೆಂಚಮ್ಮ ತಕ್ಕಡಿ ತಂದು ಎಲ್ಲರ ಎದುರಿಗೇ ಇನ್ನೊಮ್ಮೆ ತೂಗಿ ತೋರಿಸಿದರು. ತೂಕ ಸರಿಯಾಗಿತ್ತು, ಯಾರೂ ಹೌದೆನ್ನಲಿಲ್ಲ. ಮಾರನೆಯ ದಿನ ಅವರು ಬರಲಿಲ್ಲ. ಮತ್ತೆಂದೂ ಬರಲಿಲ್ಲ.

"ಎಲ್ರೂ ಹೋದ್ಮೇಲೆ ಒಂದು ತಟ್ಟೆ ಎತ್ಕಂಡೆ. ಆ ಬೋಳು ಜಾಗದ ಮೇಲೆ ಬೆರಳಿಟ್ಟೆ. ಐದೂ ಕೂತ್ಕಂಡ್ವು" ಎನ್ನುತ್ತಾರೆ ಲತಾಮಣಿ. "ಇದ್ದಿದ್ದೇ ಇದೊಂದು ಕೆಲ್ಸ, ಹೋಗ್ಬುಟ್ರೆ ಏನ್ಮಾಡದು ಅಂತ ಬಾಯಿ ಮುಚ್ಕಂಡ್ಬುಟ್ಟೆ."

ಕೆಲವು ತಿಂಗಳ ನಂತರ ಬಂದ ಗಿರಾಕಿಯೊಬ್ಬರು ಶೆಡ್ಡಿನ ಹಿಂದೆ ಬಿಸಾಡಿದ್ದ ಆ ತಟ್ಟೆಗಳನ್ನೇ ಮೆಚ್ಚಿ, ಇಂಥವೇ ಬೇಕು ಎಂದರು. ಮತ್ತೆ ಅದನ್ನು ಬರಿಸಲು ಗೊತ್ತಿದ್ದವರು ಲತಾಮಣಿ ಒಬ್ಬರೇ. ಕೆಂಚಮ್ಮನ ತಪ್ಪು ಎನಿಸಿಕೊಂಡದ್ದು ಲತಾಮಣಿಯ ಕೈಚಳಕ ಎನಿಸಿಕೊಂಡಿತು. ಲತಾಮಣಿ ಕೆಂಚಮ್ಮನಿಗೆ ಎರಡು ಸಲ ಫೋನು ಮಾಡಿ, ಮಳೆ ಬಂತಾ ಎಂದಷ್ಟೇ ಕೇಳಿ ಇಟ್ಟಿದ್ದಾರೆ. ಕವರಿನೊಳಗಿನ ಕಾಗದದಲ್ಲಿ ಇರುವುದು ಎರಡೇ ಸಾಲು: ಕೆಂಚಕ್ಕ, ನಿಮ್ಮ ತೂಕ ಸರಿಯಾಗಿತ್ತು. ಎಣ್ಣೆ ಕೈ ನನ್ನದು.

ಪೇಪರಿಗೆ ಬರೆಯುತ್ತೇನೆಂದು ಹೋದ ವಾರ ನಾನು ಕೇಳಿದಾಗ ಅವರು ಇಷ್ಟನ್ನೂ ಹೇಳಿ, ಒಂದು ವಾರ ತಡೆಯಿರಿ ಎಂದಿದ್ದರು. "ಕೆಂಚಕ್ಕ ಪೇಪರ್ನಲ್ಲಿ ನೋಡಿ ತಿಳ್ಕಂಡ್ರೆ ಅದು ಇನ್ನೊಂದ್ಸಲ ಅವಮಾನ ಮಾಡ್ದಂಗೆ. ಮೊದ್ಲು ನಾನೇ ಹೇಳ್ಬೇಕು." ತಡೆದೆ. ನಿನ್ನೆ ಅವರು ಯೋಗಾನಂದರಿಗೂ ಹೇಳಿದ್ದಾರೆ. ಯೋಗಾನಂದರು "ತಕ್ಕಡಿ ಸರಿಯಾಗಿ ನಿಂತದ್ದನ್ನು ಅವತ್ತು ನಾನೂ ನೋಡಿದ್ದೆ" ಎಂದು ಹೊರಗೆ ಹೋದರಂತೆ. ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲ. ಲತಾಮಣಿ ಎಂದಿನಂತೆ ಮೊದಲ ಬಸ್ಸಿಗೇ ಬಂದಿದ್ದಾರೆ.

ಎಂಟು ಗಂಟೆಗೆ ಶೋಯೆಬ್ ಬಾಗಿಲು ಸರಿಸುತ್ತಾರೆ. ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯುತ್ತದೆ. ಒಳಗೆ ತಟ್ಟೆಗಳು ಸಣ್ಣಗೆ ಟಿಣ್ ಟಿಣ್ ಎನ್ನುತ್ತಿವೆ. ಲತಾಮಣಿ ಒಂದೊಂದನ್ನೇ ತೆಗೆದು ಬೆಳಕಿಗೆ ಹಿಡಿದು ಇಡುತ್ತಾರೆ. ನಾಲ್ಕರ ಮೆರುಗು ಉದುರಿದೆ, ನೂರಾ ಆರು ಚೆನ್ನಾಗಿವೆ. ಮುಖದಲ್ಲಿ ನೆಮ್ಮದಿ ಕಾಣುವುದಿಲ್ಲ. ಕೂತು ಮುಂದಿನ ತಟ್ಟೆಗಳಿಗೆ ಎಣ್ಣೆ ಒತ್ತತೊಡಗುತ್ತಾರೆ. ಹತ್ತು ತಟ್ಟೆ ಆಗುವಷ್ಟರಲ್ಲಿ ತಟ್ಟನೆ ಎದ್ದು, ಚೀಲ ಎತ್ತಿಕೊಂಡು ತಿಪ್ಪಸಂದ್ರದ ದಾರಿ ಹಿಡಿಯುತ್ತಾರೆ. ಅವರ ನಡಿಗೆಗೆ ಸಮನಾಗಿ ಹೆಜ್ಜೆ ಹಾಕಲು ನನಗೆ ಕಷ್ಟವಾಗುತ್ತದೆ.

ಕಾಗದ ತಲುಪಿದ ಮೇಲೆ ಏನಾಗಲಿ ಎಂದು ಆಸೆ ಅಂತ ಕೇಳಿದೆ. "ಕೆಂಚಕ್ಕ ಬಂದು ಬೈದ್ರೂ ಆಯ್ತು. ಬರ್ದೆ ಇದ್ರೂ ಆಯ್ತು. ತೂಕ ಸರಿಯಿತ್ತು ಅಂತ ನೀವು ದಪ್ಪಕ್ಷರದಲ್ಲಿ ಬರೀರಿ."

ಅಂಚೆ ಡಬ್ಬದ ಮುಂದೆ ಕವರು ತೆಗೆದಾಗ ಅದರ ಮೂಲೆಯಲ್ಲಿ ಹೆಬ್ಬೆರಳಿನ ಎಣ್ಣೆ ಗುರುತು ಮೂಡುತ್ತದೆ. ಲತಾಮಣಿ ಗಾಬರಿಯಿಂದ ಸೆರಗಿನಲ್ಲಿ ಉಜ್ಜುತ್ತಾರೆ. ಅದು ಇನ್ನಷ್ಟು ಹರಡುತ್ತದೆ. ಬೇರೆ ಕವರು ತರೋಣವೇ ಎಂದೆ.

"ಬ್ಯಾಡ, ಇರ್ಲಿ ಬುಡಿ" ಎನ್ನುತ್ತಾರೆ. "ನಾನೇ ಕಳ್ಸಿದ್ದು ಅಂತ ಗೊತ್ತಾಯ್ತದೆ."

ಕವರು ಡಬ್ಬದೊಳಗೆ ಬೀಳುತ್ತದೆ.