ಪಾದ್ರಿಯ ಹೆಂಡತಿಯ ಐದು ಕವಿತೆಗಳು

ಅಮೆರಿಕದ ಸನ್ನಿವೇಲ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯಲ್ಲಿ ನಿವೃತ್ತ ಇಂಗ್ಲಿಷ್ ಮೇಡಮ್ ಒಬ್ಬರಿದ್ದರು. ಅಲ್ಲಿಯವರೇ. ಅವರ ಕಣ್ಣು ಮಂಜಾಗುತ್ತಿತ್ತು. ನಾನು ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವಳೆಂದು ಕಟ್ಟಡದವರೆಲ್ಲ ಬಟ್ಟೆ ಒಗೆಯುವ ಲಾಂಡ್ರಿ ಕೋಣೆಯಲ್ಲಿ ತಿಳಿದ ದಿನವೇ, "ನನಗೆ ಓದಿ ಹೇಳ್ತೀಯಾ?" ಎಂದರು. ಗಂಡನ ವೀಸಾದ ಮೇಲೆ ಬಂದ ನನಗೆ ಕೆಲಸ ಮಾಡುವ ಅನುಮತಿ ಇರಲಿಲ್ಲ. ಹೋಗತೊಡಗಿದೆ.

ಅವರು ಇಪ್ಪತ್ತು ವರ್ಷಗಳಿಂದ ಒಬ್ಬ ಕವಯಿತ್ರಿಯ ಜೀವನಚರಿತ್ರೆ ಬರೆಯುತ್ತಿದ್ದರು. ಅಮೆರಿಕ ಇನ್ನೂ ಹೊಸ ದೇಶವಾಗಿದ್ದಾಗ ಹಳ್ಳಿಯೊಂದರಲ್ಲಿ ಬದುಕಿದ್ದ ಪಾದ್ರಿಯ ಹೆಂಡತಿ ಆಕೆ. ಐದು ಮಕ್ಕಳನ್ನು ಮಣ್ಣಿಗಿಟ್ಟವಳು. ಸತ್ತ ಒಂದೊಂದು ಮಗುವಿಗೂ ಒಂದೊಂದು ಕವಿತೆ. ಅವಳ ಪುಸ್ತಕವೆಂದರೆ ಅಷ್ಟೇ. ಪ್ರಾಸ ಎಡವುತ್ತಿತ್ತು, ಸಾಲುಸಾಲಿಗೂ ದೇವರಿಗೆ ಶರಣು. ಕೊನೆಯ ಕವಿತೆಯಲ್ಲಿ ಮಾತ್ರ ದೇವರಿಲ್ಲ. ಒಗೆದು ಹಾಕಿದ ಪುಟ್ಟ ಅಂಗಿ ಇನ್ನೂ ಒಣಗಿಲ್ಲ ಎನ್ನುತ್ತಾಳೆ. ಓದಿ ಪುಸ್ತಕ ಮುಚ್ಚಿದೆ. ಆ ಚಳಿಗಾಲದಲ್ಲೇ ನನಗೆ ಐದು ತಿಂಗಳ ಗರ್ಭ ಹೋಗಿತ್ತು. ಊರಿಗೂ ತಿಳಿಸದಿದ್ದುದನ್ನು ಮೇಡಮ್‌ಗೆ ಹೇಳಿದೆ. ಅವರು ಸಮಾಧಾನ ಮಾಡಲಿಲ್ಲ. ನನ್ನ ಕೈ ಹಿಡಿದು, "ಇನ್ನೊಂದ್ಸಲ ಓದು," ಎಂದರು.

ಆಮೇಲೆ ಅವರು ಹೇಳುವುದು, ನಾನು ಬರೆದುಕೊಳ್ಳುವುದು ಶುರುವಾಯಿತು. ಅದೇ ಹೊತ್ತಿಗೆ ಗಂಡ ಹೇಳಿದರು: "ಸಾಫ್ಟ್‌ವೇರ್ ಟೆಸ್ಟಿಂಗ್ ಕೋರ್ಸು ಸೇರ್ಕೊ. ಮುಗಿಸಿದೋರ್ನೆಲ್ಲ ಕರೆದು ಕೆಲಸ ಕೊಡ್ತಿದಾರೆ, ವೀಸಾನೂ ಅವರೇ ಮಾಡಿಸ್ತಾರೆ."

"ಮೇಡಮ್ ಪುಸ್ತಕ ಅರ್ಧದಲ್ಲಿದೆ ರೀ."

"ಅದು ಇಪ್ಪತ್ತು ವರ್ಷದಿಂದ ಅರ್ಧದಲ್ಲೇ ಇದೆಯಲ್ಲ!"

ಸೇರಿದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೆಲಸವೂ ಸಿಕ್ಕಿತು. ಪ್ರತಿ ಶನಿವಾರ ಬರುತ್ತೇನೆಂದು ಮೇಡಮ್‌ಗೆ ಮಾತು ಕೊಟ್ಟಿದ್ದೆ. ಎರಡು ಶನಿವಾರ ಹೋದೆ. ಆಮೇಲೆ ಅವರ ಬಾಗಿಲ ಮುಂದೆ ಮೆಲ್ಲಗೆ ಹೆಜ್ಜೆಯಿಟ್ಟು ದಾಟತೊಡಗಿದೆ. ಒಂದು ಸಂಜೆ ಹೆಜ್ಜೆ ಸಪ್ಪಳ ಗುರುತಿಸಿ ಒಳಗಿನಿಂದ, "ನೀನಾ?" ಎಂದು ಕೂಗಿದರು. ಸರಸರನೆ ಮೆಟ್ಟಿಲೇರಿದೆ.

ವರ್ಷ ತುಂಬುವುದರೊಳಗೆ ಕಂಪನಿ ಮುಚ್ಚಿತು. ಮರುದಿನ ಬೆಳಿಗ್ಗೆ ಅವರ ಬಾಗಿಲು ತಟ್ಟಿದೆ. ಬಾಗಿಲು ತೆಗೆದವಳು ಅವರ ಮಗಳು. ಹಿಂದೆ ಗೋಡೆಯುದ್ದಕ್ಕೂ ರಟ್ಟಿನ ಪೆಟ್ಟಿಗೆಗಳು.

"ಅಮ್ಮ ಹೋದ ವಾರ ಆಸ್ಪತ್ರೆಯಲ್ಲಿ ತೀರಿಕೊಂಡ್ರು."

ಅವರು ಬರೆದ ಕಾಗದಗಳೆಲ್ಲಿ ಎಂದು ಕೇಳಿದೆ.

"ರೀಸೈಕ್ಲಿಂಗ್‌ಗೆ ಹಾಕ್ಬಿಟ್ಟೆ. ನಿನ್ನೆ ಟ್ರಕ್ಕು ಬಂದು ತಗೊಂಡು ಹೋಯ್ತು. ಮುಖ್ಯವಾದದ್ದು ಏನಾದ್ರೂ ಇತ್ತಾ?"

"ಇತ್ತು," ಎಂದೆ.

ಅವಳು ಪೆಟ್ಟಿಗೆಯೊಂದರ ಮೇಲೆ ಕುಳಿತಳು. "ಅಮ್ಮ ಏನು ಬರೀತಿದ್ರು? ನಾನು ಯಾವತ್ತೂ ಕೇಳ್ಲೇ ಇಲ್ಲ."

ನೆಲದ ಮೇಲೆ ಕುಳಿತು ನೆನಪಿದ್ದಷ್ಟನ್ನು ಹೇಳಿದೆ. ಇಸವಿಗಳು ತಪ್ಪಿದವು. ಮಕ್ಕಳಲ್ಲಿ ಯಾರು ಮೊದಲು ಹೋದರು, ಯಾರು ಆಮೇಲೆ ಎಂಬುದೂ ಕಲಸಿಹೋಯಿತು. ಎರಡನೆಯ ಮಗುವಿನ ಹೆಸರು ಎಷ್ಟು ಯೋಚಿಸಿದರೂ ಬಾಯಿಗೆ ಬರಲಿಲ್ಲ.