ರಾತ್ರಿ ಓಡದ ಮೀಟರು

ಅಮೆರಿಕದ ವುಡಿನ್‌ವಿಲ್‌ನ ಆ ಬಾಡಿಗೆ ಮನೆಯ ಹಾಲಿನಲ್ಲಿ ಗೋಡೆಗೆ ಒತ್ತಿಕೊಂಡಂತೆ ಒಂದು ಹೀಟರ್ ಪೆಟ್ಟಿಗೆ ಇತ್ತು. ಕಬ್ಬಿಣದ ಬೀರುವನ್ನು ಅಡ್ಡ ಮಲಗಿಸಿದಷ್ಟು ದೊಡ್ಡದು, ಹೊಟ್ಟೆಯ ತುಂಬ ಇಟ್ಟಿಗೆ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಕರೆಂಟು ಅಗ್ಗ. ಆ ಹೊತ್ತಿನಲ್ಲಿ ಇಟ್ಟಿಗೆ ಕಾದುಕೊಂಡು ಹಗಲೆಲ್ಲ ಮನೆಗೆ ಕಾವು ಬಿಡಬೇಕು. ಇದಕ್ಕೆಂದೇ ಹೊರಗೋಡೆಯ ಮೇಲೆ ಬೇರೆ ಮೀಟರು. ಅದರಲ್ಲಿ ಎರಡು ಲೆಕ್ಕ, ಹಗಲಿನದೊಂದು, ರಾತ್ರಿಯದೊಂದು. ಸ್ನಾನದ ಬಿಸಿನೀರೂ ಅದೇ ಮೀಟರಿಗೆ ಸೇರಿತ್ತು. ಮನೆ ತೋರಿಸಿದ ದಿನ ಮಾಲೀಕ, ಈ ಬೀದಿಯಲ್ಲಿ ಇಂಥದ್ದು ಇದೊಂದೇ ಎಂದು ಬೀಗಿದ್ದ.

ಯಾಮಿನಿಗೆ ಮೀಟರೆಂದರೆ ಹೊಸದಲ್ಲ. ಅವಳ ಅಪ್ಪ ವೀರಣ್ಣ ಹುಣಸೂರಿನಲ್ಲಿ ಕರೆಂಟಾಫೀಸಿನ ಮೀಟರ್ ರೀಡರು. ರಜೆಯಲ್ಲಿ ಅವನ ಸೈಕಲ್ಲಿನ ಹಿಂದೆ ಕೂತು ಬೀದಿ ಬೀದಿ ಸುತ್ತಿ, ಅಂಕಿ ಓದಿ ಹೇಳಿದವಳು ಅವಳು. ಯಾರಾದರೂ ಮೀಟರು ಜಾಸ್ತಿ ಓಡುತ್ತಿದೆ ಎಂದು ತಗಾದೆ ತೆಗೆದರೆ ವೀರಣ್ಣ ಮೀಟರಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. "ಮನೇಲಿ ಸ್ವಿಚ್ ಮುಟ್ಟೋರು ಯಾರು?" ಎಂಬುದೇ ಅವನ ಮೊದಲ ಪ್ರಶ್ನೆ. ಮಗಳು ಡಿಪ್ಲೊಮಾ ಮುಗಿಸಿ ಪೀಣ್ಯದ ಮೀಟರ್ ಕಾರ್ಖಾನೆಯಲ್ಲಿ ಮೂರು ವರ್ಷ ಮೀಟರುಗಳನ್ನು ಪರೀಕ್ಷಿಸಿ ಸೀಲು ಹಾಕಿದಳು. ಆಮೇಲೆ ಚಂದನ್‌ನನ್ನು ಮದುವೆಯಾಗಿ ಇಲ್ಲಿಗೆ ಬಂದಳು. ಗಂಡನ ವೀಸಾದ ಬಾಲದಲ್ಲಿ ಬಂದ ಹೆಂಡತಿಗೆ ಇಲ್ಲಿ ಕೆಲಸ ಮಾಡುವಂತಿರಲಿಲ್ಲ.

ಎರಡು ಸಾವಿರದ ಎರಡರ ಅಕ್ಟೋಬರಿನಲ್ಲಿ ಮಗು ಹುಟ್ಟಿತು, ಐದು ವಾರ ಮುಂಚೆಯೇ. ಬಾಣಂತನಕ್ಕೆ ಅಮ್ಮ ದೇವೀರಮ್ಮ ಬಂದಳು. ಏಪ್ರಿಲ್‌ವರೆಗೆ ಇರುವುದೆಂದು ಟಿಕೆಟ್ಟಾಗಿತ್ತು. ಬಂದ ಮೂರನೇ ದಿನ ಸಾಂಬ್ರಾಣಿ ಹಾಕಿ ಹೊಗೆಯ ಅಲಾರಂ ಬಡಿದುಕೊಳ್ಳುವಂತೆ ಮಾಡಿದಳು. ಚಂದನ್ ಕುರ್ಚಿ ಹತ್ತಿ ಟವೆಲು ಬೀಸುತ್ತಿದ್ದರೆ, "ಬಾಣಂತಿ ಮನೇಲಿ ಹೊಗೆ ಇಲ್ದೆ ಇರ್ತದಾ? ಇದಕ್ಕೆ ಅಷ್ಟೂ ಗೊತ್ತಾಗಲ್ವಾ?" ಎಂದು ಅಲಾರಮ್ಮನ್ನೇ ಗದರಿದಳು. ಚಿಕ್ಕ ಕೂಸೆಂದು ಡಾಕ್ಟರು ಹಾಲು ಕುಡಿದ ಹೊತ್ತನ್ನೆಲ್ಲ ಬರೆದಿಡಲು ಹೇಳಿದ್ದರು. ಮೊದಲೇ ಡೈರಿ ಬರೆಯುವ ಚಾಳಿಯವಳು ಯಾಮಿನಿ. ಹಾಲಿನ ಜೊತೆಗೆ ನಿದ್ದೆ, ನೀರು, ಅಮ್ಮ ಹಾಡಿದ ಜೋಗುಳ, ಎಲ್ಲವನ್ನೂ ಬರೆದಳು.

ಡಿಸೆಂಬರಿನ ಬಿಲ್ಲು ಹಿಂದಿನ ವರ್ಷದ ಮೂರರಷ್ಟು ಬಂತು. ಜನವರಿಯದು ಅದಕ್ಕೂ ಹೆಚ್ಚು. ಚಂದನ್ ಗೆಳೆಯನೊಬ್ಬನಿಗೆ ಫೋನಿನಲ್ಲಿ, "ನಮ್ಮತ್ತೆ ದಿನಾ ಹಂಡೆಗಟ್ಟಲೆ ನೀರು ಕಾಯಿಸ್ತಾರೆ ಮಾರಾಯ, ಮನೇಲೇ ಮದುವೆ ಛತ್ರ ಇಟ್ಟಂಗಿದೆ" ಎಂದು ನಕ್ಕ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ಅಡುಗೆಮನೆಯಲ್ಲಿ ದೇವೀರಮ್ಮನ ಕೈ ನಿಂತಿತು.

ಮರುದಿನದಿಂದ ಅವಳು ತನ್ನ ಸ್ನಾನವನ್ನು ಅರ್ಧ ಬಕೆಟ್ಟಿಗೆ ಇಳಿಸಿದಳು. ವಾರ ಕಳೆಯುವಷ್ಟರಲ್ಲಿ ಮಾತೂ ತೆಗೆದಳು.

"ಟಿಕೆಟ್ಟು ಈ ತಿಂಗಳಿಗೇ ಹಾಕ್ಸವ್ವ. ಕೂಸು ಗಟ್ಟಿಯಾಯ್ತಲ್ಲ."

"ಯಾಕಮ್ಮ? ಏಪ್ರಿಲ್‌ವರ್ಗೂ ಇರ್ತೀನಿ ಅಂದಿದ್ದೆ."

"ಮಗಳ ಮನೇಲಿ ಕೂತು ಅಳಿಯನ ಸಂಬಳಾನ ಬಚ್ಚಲಿಗೆ ಸುರಿಯಕಾಯ್ತದಾ?"

"ನಿನ್ನ ನೀರಿಂದ ಇಷ್ಟೆಲ್ಲ ಬಿಲ್ ಬರಲ್ಲಮ್ಮ. ಮೀಟರೇ ಕೆಟ್ಟಿದೆ. ನಾನು ತೋರಿಸ್ತೀನಿ."

"ತೋರ್ಸು. ನನ್ನಿಂದಲ್ಲ ಅಂತ ಆದ್ರೆ ಇರ್ತೀನಿ, ಏಪ್ರಿಲ್ ಏನು, ಕೂಸು ಅಂಬೆಗಾಲಿಡೋಗಂಟ ಇರ್ತೀನಿ."

ಯಾಮಿನಿ ಹಟಕ್ಕೆ ಬಿದ್ದಳು. ಬಿಲ್ಲಿನಲ್ಲಿ ಹಗಲಿನ ಅಂಕಿ ಬೆಟ್ಟದಷ್ಟು, ರಾತ್ರಿಯದು ಇಲ್ಲವೆನ್ನುವಷ್ಟು ಕಡಿಮೆ. ರಾತ್ರಿಯಿಡೀ ಇಟ್ಟಿಗೆ ಕಾಯಿಸುವ ಮನೆಯಲ್ಲಿ ಹೀಗಾಗಲು ಸಾಧ್ಯವೇ ಇಲ್ಲ. ಎರಡು ಲೆಕ್ಕಗಳೂ ಮೀಟರಿನೊಳಗೆ ಅದಲುಬದಲಾಗಿವೆ ಎಂದು ಅವಳಿಗೆ ಖಾತ್ರಿಯಾಯಿತು. ಕಾರ್ಖಾನೆಯಲ್ಲಿ ಅಂಥವನ್ನು ಕಂಡಿದ್ದಳು ಕೂಡ. ಮಗುವನ್ನು ಹೆಗಲಿಗೆ ಹಾಕಿಕೊಂಡು ಕರೆಂಟು ಕಂಪನಿಗೆ ಫೋನು ಮಾಡಿದಳು. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಲೈನಿಗೆ ಬಂದ ಹೆಂಗಸು, ಅಕೌಂಟು ಯಾರ ಹೆಸರಿನಲ್ಲಿದೆ ಎಂದು ಕೇಳಿದಳು. ಗಂಡನ ಹೆಸರಿನಲ್ಲಿ. ಹಾಗಾದರೆ ಅವರೇ ಮಾತಾಡಬೇಕು. ನನ್ನ ಹೆಸರೂ ಸೇರಿಸಿಕೊಳ್ಳಿ ಎಂದರೆ ಸೋಶಿಯಲ್ ಸೆಕ್ಯುರಿಟಿ ನಂಬರು ಬೇಕು. ಅದು ಯಾಮಿನಿಗೆ ಇಲ್ಲ. ನಾನು ಮೀಟರ್ ಪರೀಕ್ಷೆ ಮಾಡುತ್ತಿದ್ದವಳು ಎಂದಳು. ಆ ಹೆಂಗಸು ಬಹಳ ಮರ್ಯಾದೆಯಿಂದ, ಸಂತೋಷ, ಆದರೆ ಅಕೌಂಟಿನವರೇ ಕರೆ ಮಾಡಬೇಕು ಎಂದಳು.

ಬೆಲ್ವ್ಯೂನಲ್ಲಿದ್ದ ತನ್ನ ಆಫೀಸಿನಿಂದ ಚಂದನ್ ಮೂರು ಸಲ ಕಾಲ್ ಮಾಡಿದ. ಕೊನೆಗೆ ಕಂಪನಿಯವರು ಟಕ್ವಿಲಾದಲ್ಲಿರುವ ತಮ್ಮ ದೂರಿನ ಕಚೇರಿಗೆ ಫೆಬ್ರವರಿಯ ಮೊದಲ ಗುರುವಾರ ಬರಲು ಹೇಳಿದರು. ಎರಡು ತಿಂಗಳು ಮನೆಯಲ್ಲಿ ಯಾವುದು ಯಾವಾಗ ಉರಿಯಿತು ಎಂದು ಬರೆದು ತರಬೇಕು.

"ಅಷ್ಟೆಲ್ಲ ಯಾರಿಗೆ ನೆನಪಿರತ್ತೆ?" ಎಂದ ಚಂದನ್.

"ನನ್ನ ಡೈರೀಲಿದೆ ರೀ."

"ನಿನ್ನ ಡೈರೀಲಿ ನಾನು ಆಕಳಿಸಿದ್ದೂ ಇರತ್ತೆ ಬಿಡು" ಎಂದು ರೇಗಿಸಿದರೂ ಅರ್ಧ ದಿನ ರಜ ಹಾಕಿದ.

ಬುಧವಾರ ಮಧ್ಯಾಹ್ನ ಮಗು ಮಲಗಿದಾಗ ಯಾಮಿನಿ ಡೈರಿ ಹರವಿಕೊಂಡು ನಕಲು ಮಾಡಲು ಕೂತಳು. ಡಿಸೆಂಬರ್ ಎರಡು: "ಆರೂವರೆ. ಹಾಲು. ಅಮ್ಮ ಹೀಟರ್ ಹಾಕಿದಳು." ಡಿಸೆಂಬರ್ ಮೂರು: "ಆರೂವರೆ. ಅಮ್ಮ ಹೀಟರ್ ಹಾಕಿದಳು, ಮಗು ಸೀನಿತು." ನಾಲ್ಕು, ಐದು, ಆರು. ಅವಳದೇ ಅಕ್ಷರ. ಅಮ್ಮ ಬೆಳಿಗ್ಗೆ ಗುಂಡಿ ತಿರುಗಿಸಿ ಕಾವು ಹೆಚ್ಚಿಸುತ್ತಾಳೆ ಎಂದುಕೊಂಡೇ ದಿನವೂ ಬರೆದಿದ್ದಳು. ಹತ್ತನೆಯ ತಾರೀಖಿಗೆ ಬರುವಷ್ಟರಲ್ಲಿ ಪೆನ್ನು ನಿಂತಿತು. ಹಾಕಬೇಕಾದರೆ ಮೊದಲು ಆರಿರಬೇಕಲ್ಲ.

ಯಾಮಿನಿ ಮಗುವಿನೊಂದಿಗೆ ಹಿಂದಿನ ಕೋಣೆಯಲ್ಲಿ ಒಂಬತ್ತಕ್ಕೇ ಮಲಗುತ್ತಿದ್ದಳು. ಹಾಲಿನಲ್ಲಿ, ಆ ಪೆಟ್ಟಿಗೆಯ ಪಕ್ಕ, ಹಾಸಿಗೆ ಹಾಸಿಕೊಳ್ಳುತ್ತಿದ್ದವಳು ಅಮ್ಮ. ಬೆಳಗಿನ ಜಾವ ಮನೆಯೆಲ್ಲ ಥಂಡಿ ಹೊಡೆಯುತ್ತಿದ್ದದ್ದು ಹಳೇ ಮನೆಯ ಕಿಟಕಿಗಳಿಂದ ಎಂದುಕೊಂಡಿದ್ದರು.

ದೇವೀರಮ್ಮ ಒಲೆಯ ಮುಂದೆ ಮೆಂತ್ಯ ಹುರಿಯುತ್ತಿದ್ದಳು.

"ಅಮ್ಮ, ಬೆಳಿಗ್ಗೆ ಹೀಟರ್ ಹಾಕೋದು ನೀನಾ?"

"ನಾನಲ್ದೆ ಇನ್ಯಾರು? ಅಳಿಯಂದ್ರು ಎದ್ದು ಹಾಕ್ತಾರಾ?"

"ರಾತ್ರಿ?"

"ಮಲಗೋವಾಗ ಆ ಗೋಡೆ ಮೇಲಿನ ಕೆಂಪು ಸ್ವಿಚ್ ಆರಿಸ್ತೀನಿ. ಮಲಗಿರೋರಿಗೆ ಯಾಕವ್ವ ಕರೆಂಟು? ರಗ್ಗಿದೆ, ಕಂಬ್ಳಿ ಇದೆ. ಬಂದ ದಿನದಿಂದ ಒಂದಿನಾನೂ ತಪ್ಸಿಲ್ಲ ಕಣೆ." ಅವಳ ದನಿಯಲ್ಲಿ ಹೆಮ್ಮೆಯಿತ್ತು. "ಅಷ್ಟು ಉಳಿಸಿದ್ರೂ ಇಷ್ಟು ಬಿಲ್ ಬಂದದೆ ಅಂದ್ರೆ ಮೀಟ್ರದ್ದೇ ತಪ್ಪು. ನಮ್ಮಮ್ಮ ರಾತ್ರಿಯೆಲ್ಲ ಆರಿಸ್ತಾರೆ ಅಂತ ಅದನ್ನೂ ಬರಿ ನಿನ್ನ ಕಾಗದದಲ್ಲಿ."

ಯಾಮಿನಿ ಹೂಂ ಅಂದಳು. ಅಗ್ಗದ ಎಂಟು ಗಂಟೆಯೂ ಪೆಟ್ಟಿಗೆ ಸತ್ತಂತೆ ಬಿದ್ದಿರುತ್ತಿತ್ತು. ಆರು ದಾಟಿದ ಮೇಲೆ ಅಮ್ಮ ಸ್ವಿಚ್ಚು ಒತ್ತಿದೊಡನೆ, ತಣ್ಣಗಾದ ಮನೆಯನ್ನು ಬೆಚ್ಚಗೆ ಮಾಡಲು ದುಬಾರಿ ಕರೆಂಟನ್ನು ಗಟಗಟನೆ ಕುಡಿಯುತ್ತಿತ್ತು. ಮೀಟರು ಒಂದು ಅಂಕಿಯನ್ನೂ ತಪ್ಪು ಬರೆದಿರಲಿಲ್ಲ.

ಸಂಜೆ ಚಂದನ್ ಗರಾಜಿನಲ್ಲಿ ಕಾರು ನಿಲ್ಲಿಸುತ್ತಲೇ ಯಾಮಿನಿ ಅಲ್ಲಿಗೇ ಹೋದಳು.

"ನಾಳೆ ಹೋಗ್ಬೇಡಿ ರೀ. ತಪ್ಪು ನಂದೇ. ಹೀಟರ್ ಸ್ವಿಚ್ ರಾತ್ರಿ ನಾನೇ ಆರಿಸ್ತಿದ್ದೆ."

"ನೀನಾ?" ಚಂದನ್ ಕೀ ಕೈಯಲ್ಲಿ ಹಿಡಿದು ಹಾಗೇ ನಿಂತ. "ಫ್ಯಾಕ್ಟರೀಲಿ ಮೂರು ವರ್ಷ ಏನು ಮಾಡ್ತಿದ್ದೆ, ಕಾಫಿ ಕುಡೀತಿದ್ಯಾ? ಮೂರು ಸಲ ಅವರ ಹತ್ರ ಜಗಳ ಆಡಿದೀನಲ್ಲೇ ನಾನು!" ಕೀಯನ್ನು ಜೇಬಿಗೆ ಹಾಕಿಕೊಂಡು, "ಕ್ಯಾನ್ಸಲ್ ಮಾಡ್ತೀನಿ ಬಿಡು. ಅತ್ತೆಗೆ ಮಾತ್ರ ಮೀಟರಿಂದೇ ತಪ್ಪು ಅಂತಾನೇ ಹೇಳು. ಪಾಪ, ಏಪ್ರಿಲ್‌ವರ್ಗೂ ನೆಮ್ಮದಿಯಾಗಿರ್ಲಿ" ಎಂದ.

ಹಾಗೆಯೇ ಹೇಳಬಹುದಿತ್ತು. ಆದರೆ ಆ ಸ್ವಿಚ್ಚಿನ ಮಾತು ಎತ್ತದೆ ವಿಧಿಯಿರಲಿಲ್ಲ. ಇಲ್ಲದಿದ್ದರೆ ಇವತ್ತೂ ಆರುತ್ತದೆ, ನಾಳೆಯೂ ಆರುತ್ತದೆ. ಊಟವಾದ ಮೇಲೆ ದೇವೀರಮ್ಮ ಮಗುವಿನ ಬಟ್ಟೆ ಮಡಿಸುತ್ತ ಕೂತಾಗ ಯಾಮಿನಿ ಹಗುರವಾಗಿ ಹೇಳಿದಳು:

"ಅಮ್ಮ, ಕಂಪನಿಯವರು ಮೀಟರಿಂದೇ ತಪ್ಪು ಅಂತ ಒಪ್ಕೊಂಡ್ರಂತೆ. ಆಮೇಲೆ ನೋಡು, ಇವತ್ತಿಂದ ರಾತ್ರಿ ಹೀಟರ್ ಆರಿಸ್ಬೇಡ. ಪುಟ್ಟಿಗೆ ಥಂಡಿ ಆಗಬಾರದು ಅಂತ ಡಾಕ್ಟರು ಹೇಳಿದಾರೆ."

"ಡಾಕ್ಟ್ರು ಯಾವಾಗ ಹೇಳುದ್ರು?"

"ಫೋನ್ ಮಾಡಿದ್ರು."

ದೇವೀರಮ್ಮ ಇನ್ನೆರಡು ಅಂಗಿ ಮಡಿಸಿದಳು. ಆಮೇಲೆ ತಲೆಯೆತ್ತದೆಯೇ ಕೇಳಿದಳು:

"ಕಂಪ್ನಿಯೋರು, ಮನೇಲಿ ಸ್ವಿಚ್ ಮುಟ್ಟೋರು ಯಾರು ಅಂತ ಕೇಳುದ್ರಾ?"

ಯಾಮಿನಿ ಮಗುವಿನ ಟೋಪಿಯ ದಾರ ಕಟ್ಟಿದಳು. ಅದು ಆಗಲೇ ಕಟ್ಟಿತ್ತು. ಬಿಚ್ಚಿ ಮತ್ತೆ ಕಟ್ಟಿದಳು. ಮೀಟರ್ ರೀಡರನ ಜೊತೆ ಮೂವತ್ತೊಂದು ವರ್ಷ ಬಾಳಿದ ಹೆಂಗಸಿಗೆ ಅಷ್ಟೇ ಸಾಕಾಯಿತು.

ದೇವೀರಮ್ಮ ಅಳಲಿಲ್ಲ, ಮುನಿಸಿಕೊಳ್ಳಲೂ ಇಲ್ಲ. ಬೆಳಿಗ್ಗೆ ಎದ್ದು ಅಳಿಯನಿಗೆ ಕಾಫಿ ಕೊಡುವಾಗ, "ಟಿಕೆಟ್ಟು ಬದಲಾಯಿಸ್ಕೊಡಿ" ಎಂದಳು. ಅವನು ಆಫೀಸಿಗೆ ಹೋದ ಮೇಲೆ ಯಾಮಿನಿ ಬೇಡಿಕೊಂಡಳು, ಅತ್ತಳು, ಮಗುವನ್ನು ಅವಳ ಮಡಿಲಿಗೆ ಹಾಕಿದಳು.

"ಎಲ್ಲಾ ಮನೇಲೂ ಆಗತ್ತಮ್ಮ. ನಿಂಗೇನು ಗೊತ್ತಿತ್ತು?"

"ಗೊತ್ತಿರ್ಲಿಲ್ಲ ಮಗ. ಅದುಕ್ಕೇ ಹೇಳ್ತಿರೋದು. ಈ ಮನೇಲಿ ನಂಗೆ ಗೊತ್ತಿಲ್ದಿರೋದು ಇನ್ನೆಷ್ಟದೋ. ಉಳಿಸ್ತಿದೀನಿ ಅಂತ ನಾನು ಕೈ ಇಟ್ಟಿದ್ದು ನಿಮಗೆ ದಂಡ ಆಯ್ತದೆ. ಸುಮ್ನೆ ಕೂರು ಅಂದ್ರೆ ನನ್ನ ಕೈ ಕೇಳಲ್ಲ."

ಹೊರಡುವ ಹಿಂದಿನ ದಿನ, ಕಾಲು ನೀಡಿ ಕೂತು ಮೊಳಕಾಲ ಕೆಳಗೆ ಕೂಸನ್ನು ಹೇಗೆ ಮಲಗಿಸಿಕೊಳ್ಳಬೇಕು, ತಲೆಗೆ ನೀರು ಹಾಕುವಾಗ ಅಂಗೈಯನ್ನು ಹುಬ್ಬಿನ ಮೇಲೆ ಹೇಗೆ ಅಡ್ಡ ಹಿಡಿಯಬೇಕು ಎಂದು ತೋರಿಸಿಕೊಟ್ಟಳು. ಯಾಮಿನಿಯ ಕೈಯಿಂದ ಎರಡು ಸಲ ಮಾಡಿಸಿದಳು. ಏರ್‌ಪೋರ್ಟಿನಲ್ಲಿ ಚಂದನ್ ಕಾಲಿಗೆರಗಿದಾಗ, "ನಿಮಗೆ ತೊಂದ್ರೆ ಕೊಟ್ಟೆ" ಎಂದಳು. ಅವನಿಗೆ ಅರ್ಥವಾಗದೆ ಹೆಂಡತಿಯ ಮುಖ ನೋಡಿದ.

ಮಾರ್ಚಿನ ಬಿಲ್ಲು ಅರ್ಧಕ್ಕಿಂತ ಕಡಿಮೆ ಬಂತು. ಜೊತೆಗೆ ಒಂದು ಅಚ್ಚಾದ ಚೀಟಿ: ಅಗ್ಗದ ಹೊತ್ತಿನಲ್ಲಿ ಕರೆಂಟು ಬಳಸಿದ್ದಕ್ಕೆ ವಂದನೆಗಳು. "ಅಂತೂ ಕಲಿತೆ ನೋಡು" ಎಂದು ಚಂದನ್ ಅದನ್ನು ಫ್ರಿಜ್ಜಿಗೆ ಅಂಟಿಸಿದ.

ಭಾನುವಾರ ಹುಣಸೂರಿಗೆ ಫೋನು ಮಾಡಿದಾಗ ದೇವೀರಮ್ಮ ಕೇಳಿದ ಮೊದಲ ಮಾತು, "ಬಿಲ್ ಎಷ್ಟು ಬಂತು?"

"ಅಷ್ಟೇ ಅಮ್ಮ, ಕಮ್ಮಿಯೇನೂ ಆಗಿಲ್ಲ. ಮೀಟರೇ ಸರಿಯಿಲ್ಲ ಅಂತ ಹೇಳ್ಲಿಲ್ವಾ ನಾನು? ನೀನು ಸುಮ್ಸುಮ್ನೆ ಹೋಗ್ಬಿಟ್ಟೆ."



"ಹೂಂ ಕಣವ್ವ" ಎಂದಳು ಅಮ್ಮ. "ಕೂಸು ನೀರು ಹಾಕುಸ್ಕೊಳ್ಳುವಾಗ ಅಳ್ತದಾ?"

ಮರುದಿನ ಎಚ್ಚರವಾದಾಗ ಮನೆಯೆಲ್ಲ ಹದವಾಗಿ ಬೆಚ್ಚಗಿತ್ತು. ಹಾಲಿನಲ್ಲಿ ಹಾಸಿಗೆಯಿರಲಿಲ್ಲ. ಯಾಮಿನಿ ಡೈರಿ ತೆಗೆದು "ಆರೂವರೆ. ಹಾಲು." ಎಂದು ಬರೆದಳು. ಮಗು ಕುಡಿದು ಮುಗಿಸುವವರೆಗೂ ಪೆನ್ನು ಹಿಡಿದೇ ಕೂತಿದ್ದಳು. ಬರೆಯಲು ಇನ್ನೇನೂ ಇರಲಿಲ್ಲ.